ಹೊಗೆ ಹೋದ ಮೇಲಿನ ಗಾಳಿ

ಮಾರ್ಚ್ ೧೧, ಭಾನುವಾರ

ನನ್ನ ಕಿಡಿಗೆ,

ಚೆನ್ನಾಗಿದ್ದೀ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಬೇರೇನೋ ಕೆಲಸ ನೆನಪಾಗುತ್ತಿತ್ತು. ಮಹಡಿಯ ನಲ್ಲಿ ರಿಪೇರಿಯಾಯಿತು. ನಿನ್ನ ಚಿಕ್ಕಮ್ಮ ಬಂದಿದ್ದಳು. ನನ್ನ ಅಡುಗೆಗೆ ಉಪ್ಪು ಸಾಲದೆಂದು ಹೇಳಿ ಎರಡು ಸಲ ಬಡಿಸಿಕೊಂಡಳು.

ನೀನು ಅಪ್ಪನ ಹಾಗೆ ವೆಲ್ಡಿಂಗ್ ಕೆಲಸಕ್ಕೇ ಸೇರಿದೆ. ಬೇಡವೆನ್ನಲು ಇದನ್ನು ಬರೆಯುತ್ತಿಲ್ಲ.

ಹೋದ ವಾರ ನಮ್ಮ ಪ್ರಯೋಗಾಲಯದವರು ಅಪ್ಪ ಕೆಲಸ ಮಾಡುತ್ತಿದ್ದ ಶೆಡ್ಡಿಗೇ ಗಾಳಿಯಲ್ಲಿನ ಕಣ ಅಳೆಯಲು ಹೋದರು. ಅಳೆಯುವ ಇಂಪ್ಯಾಕ್ಟರಿನ ತಟ್ಟೆಗಳನ್ನು ಒರೆಸಿ ಜೋಡಿಸುವವಳು ನಾನಾದ್ದರಿಂದ ನಾನೂ ಹೋದೆ. ಇಂಪ್ಯಾಕ್ಟರ್ ಎಂದರೆ ಒಂದರ ಕೆಳಗೊಂದು ಪುಟ್ಟ ತಟ್ಟೆಗಳಿರುವ ಉಕ್ಕಿನ ಕೊಳವೆ. ಪಂಪು ಅದರೊಳಗೆ ಗಾಳಿ ಎಳೆಯುತ್ತದೆ. ಅಪ್ಪನ ಜೊತೆಗಾರ, ಆ ಕನ್ನಡಕದ ಫಿಟ್ಟರ್, "ಇಷ್ಟೊಂದು ತಟ್ಟೆ ಇಟ್ಟಿದೀರ, ಊಟ ಯಾವಾಗಮ್ಮ?" ಎಂದ.

ನಮ್ಮ ಪ್ರಯೋಗಾಲಯದ ಮೇಡಂ ನಕ್ಕು ಅವನಿಗೆ ಹೇಳಿದರು: "ಓಡ್ತಾ ಬಂದ್ರೆ ತಿರುವಲ್ಲಿ ಏನಾಗುತ್ತೆ? ದಪ್ಪಗಿರೋನು ಗೋಡೆಗೆ ಗುದ್ಕೋತಾನೆ, ಸಣ್ಣಗಿರೋನು ನುಣುಚ್ಕೋತಾನೆ. ಗಾಳೀಲಿರೋ ಕಣಾನೂ ಹಾಗೇ. ಕೆಳಗೆ ಹೋದಷ್ಟೂ ತೂತು ಸಣ್ಣದು, ಗಾಳಿ ಜೋರು. ಅಲ್ಲಿ ಸಣ್ಣೋನೂ ಸಿಕ್ಕಿಬೀಳ್ತಾನೆ. ಕೊನೇ ತಟ್ಟೇಲಿ ಸಿಗೋದು ನ್ಯಾನೋಮೀಟರ್ ಲೆಕ್ಕದ ಕಣ. ಕಣ್ಣಿಗೆ ಕಾಣಲ್ಲ, ಶ್ವಾಸಕೋಶದ ತಳಕ್ಕೇ ಇಳಿಯುತ್ತೆ."

ಮೊದಲು ಬೆಸುಗೆ ಹಾಕುವಾಗ ಅಳೆದರು. ಹೊಗೆಯೆಲ್ಲ ಹೋಗಿ ಎದುರಿನ ಗೋಡೆ ಸ್ಪಷ್ಟವಾಗಿ ಕಂಡ ಮೇಲೆ ನನ್ನಿಂದ ಹೊಸ ತಟ್ಟೆ ಹಾಕಿಸಿ ಇನ್ನೊಮ್ಮೆ ಅಳೆದರು. ಈ ಸಲ ಮೇಲಿನ ತಟ್ಟೆಗಳು ಹಾಕಿದ ಹಾಗೇ ಹೊಳೆಯುತ್ತಿದ್ದವು. ತಳದವು ಕಪ್ಪಾಗಿದ್ದವು. ಅಪ್ಪನ ಕೊನೆಯ ದಿನಗಳಲ್ಲಿ ಡಾಕ್ಟರು ಎಕ್ಸ್-ರೇ ಎತ್ತಿ ಹಿಡಿದು, "ತಳದಲ್ಲೇ ಹಾಳಾಗಿದೆ" ಎಂದದ್ದು ನೆನಪಾಯಿತು. ನಾನು ತಟ್ಟೆಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ.

ರಜೆಯಲ್ಲಿ ನಿನ್ನನ್ನು ಆ ಶೆಡ್ಡಿಗೆ ಕರೆದೊಯ್ದು, "ಹೊಗೆ ಹೋಯ್ತಲ್ಲ ಮಗಾ, ಇನ್ನು ಮಾಸ್ಕ್ ತೆಗಿ, ಆರಾಮಾಗಿ ಉಸಿರಾಡು" ಎಂದು ಅಪ್ಪ ಕಲಿಸಿದ್ದರು. ನೀನು ಮನೆಗೆ ಬಂದು ಅದನ್ನೇ ಅವರ ದನಿಯಲ್ಲಿ ಹೇಳಿ ನಗಿಸುತ್ತಿದ್ದೆ. ಅವರು ಕಲಿಸಿದ ಕೈ ಹದ, ಕಣ್ಣಳತೆ ಎಲ್ಲ ಇಟ್ಟುಕೋ. ಅದೊಂದನ್ನು ಬಿಡು. ಶೆಡ್ಡಿನಿಂದ ಹೊರಗೆ ಬರುವ ತನಕ ಮಾಸ್ಕ್ ತೆಗೆಯಬೇಡ. ಯಾರಾದರೂ ನಕ್ಕರೆ ನಗಲಿ.

ನಿನ್ನ ಕೈ ನಡುಗದಿರಲಿ, ಉಸಿರು ಹಗುರಾಗಿರಲಿ.

ನಿನ್ನ
ಅಮ್ಮ

ಮರೆತಿದ್ದೆ: ಅಪ್ಪನ ಮಾಸ್ಕ್ ಇನ್ನೂ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಅವರ ವಾಸನೆ ಸಿಕ್ಕೀತೆಂದು ನಿನ್ನೆ ಮುಖಕ್ಕೆ ಒತ್ತಿಕೊಂಡೆ. ಹೊಸ ರಬ್ಬರಿನ ವಾಸನೆಯಷ್ಟೇ ಇತ್ತು; ಅಷ್ಟು ಕಡಿಮೆ ಹಾಕಿಕೊಂಡಿದ್ದರು.