ಬೆಲ್ಲಿನೊಳಗಿನ ಬಟ್ಟೆ

ಮುಸ್ತಕೀಮ್ ಭಾಯ್,

ಇವತ್ತು ಫ್ಯಾಕ್ಟರಿಯಲ್ಲಿ ಸೇಫ್ಟಿ ಕ್ಲಾಸ್ ತೆಗೆದುಕೊಂಡೆ. ಮೊನ್ನೆ ಬೆಂಕಿ ಬಿದ್ದು ಪೇಪರಿನಲ್ಲೆಲ್ಲ ಬಂದಿದ್ದ ಆ ದೊಡ್ಡ ಕಟ್ಟಡದಲ್ಲಿ, ಸುಮ್ಮಸುಮ್ಮನೆ ಹೊಡೆಯುತ್ತದೆಂದು ಫೈರ್ ಬೆಲ್ಲನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರಂತೆ. 'ಬೆಲ್ ಯಾಕೆ ಹೊಡೆಯಿತೆಂದು ಮೊದಲು ನೋಡಿ' ಎಂದು ಬೋರ್ಡಿನಲ್ಲಿ ಬರೆದೆ.

ಊಟವಾದ ಮೇಲೆ ಪೇಂಟ್ ಶೆಡ್ಡಿಗೆ ಹೋಗಿ, ನಮ್ಮ ಬೆಲ್ ಹೊಡೆಯದಂತೆ ಅದರೊಳಗೆ ತುರುಕಿದ್ದ ಎಣ್ಣೆ ಒರೆಸುವ ಬಟ್ಟೆಯನ್ನು ನಾನೇ ಕಿತ್ತೆ. ಹಿಂದೆ ನೀವು ಇದು ಅಪಾಯವೆಂದು ಹೇಳಿ ಕಿತ್ತಾಗ, ಬೆಲ್ ಹೊಡೆದು ಅರ್ಧ ದಿನ ಕೆಲಸ ನಿಂತಿತೆಂದು ನಿಮಗೆ ಮೆಮೊ ಕೊಟ್ಟವನೂ ನಾನೇ. ಮರುವಾರ ನೀವು ಕೆಲಸ ಬಿಟ್ಟಿರಿ, ಜನ್ನಾಪುರದ ಮನೆಯನ್ನೂ ಖಾಲಿ ಮಾಡಿದಿರಿ. ಈಗ ಎಲ್ಲಿದ್ದೀರೋ ಗೊತ್ತಿಲ್ಲ.

ಹೊಸದಾಗಿ ಸೇರಿದ ಅಕ್ಷರಾ ನನ್ನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿ, "ಇದನ್ನ ಮೊದ್ಲು ಯಾರೂ ಹೇಳಿರ್ಲಿಲ್ವಾ ಸರ್?" ಎಂದಳು.

"ಇಲ್ಲಮ್ಮ, ಯಾರೂ ಹೇಳಿರ್ಲಿಲ್ಲ" ಎಂದೆ.

ಜ್ಞಾನೇಶ್