ಅಕ್ಷರಾಳ ಬೆನ್ನ ಮೇಲಿನ ಕೈ

ಬಾಲಿಗಂಜ್, ಕೋಲ್ಕತ್ತಾ
೨೨ ಮೇ ೨೦೦೫, ಭಾನುವಾರ

ಪ್ರೀತಿಯ ಇಂದಿರಕ್ಕನಿಗೆ ನಿನ್ನ ತಂಗಿ ಗೌರಿ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಕ್ಷೇಮವಾಗಿಯೇ ಇದ್ದೇವೆ, ಸ್ವಲ್ಪ ಬೆಂದಿದ್ದೇವೆ ಅಷ್ಟೆ. ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಉತ್ತರ ಬರೆಯಲಿಲ್ಲ ಎಂದು ನೀನು ಫೋನಿನಲ್ಲಿ ಬೈದದ್ದು ಸರಿಯೇ. ಆದರೆ ನೀನು ಫೋನ್ ಮಾಡಿದಾಗೆಲ್ಲ ಹಾಲಿನಲ್ಲಿ ಯಾರಾದರೂ ಕೂತಿರುತ್ತಿದ್ದರು. ನಾನು "ಹೂಂ, ಚೆನ್ನಾಗಿದೀವಿ" ಎಂದು ಇಟ್ಟುಬಿಡುತ್ತಿದ್ದೆ. ಈಗ ಪ್ರಸನ್ನ ತಮ್ಮ ಅಮ್ಮನನ್ನೂ ಅಕ್ಷರಾಳನ್ನೂ ಕರೆದುಕೊಂಡು ಲೇಕ್ ಕಡೆ ಹೋಗಿದ್ದಾರೆ. ಮನೆ ಖಾಲಿ. ಅವರು ಬರುವುದರೊಳಗೆ ಎಲ್ಲ ಬರೆದುಬಿಡುತ್ತೇನೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಿಕಿತಾ ಸಾಲ್ಟ್ ಲೇಕಿನ ಕಂಪನಿಗೆ ಟ್ರೈನಿಂಗಿಗೆ ಬರುತ್ತಾಳೆ, ನಮ್ಮ ಮನೆಯಲ್ಲೇ ಇರುತ್ತಾಳೆ ಎಂದು ಕೇಳಿ ತುಂಬಾ ಸಂತೋಷವಾಯಿತು. "ಆ ಊರಿನ ಬಿಸಿಲಿಗೆ ಹುಡುಗಿ ಚರ್ಮ ಏನಾಗುತ್ತೋ, ಏನೇನು ಕಟ್ಟಿ ಕಳಿಸಲಿ" ಎಂದು ಬರೆದಿದ್ದೀಯ. ಅಕ್ಕ, ಇಲ್ಲಿ ಬಿಸಿಲಿಗಿಂತ ಬೆವರಿನ ಕಾಟವೇ ಹೆಚ್ಚು. ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಸ್ನಾನ ಆಗಿರುತ್ತದೆ. ಸಾಯಂಕಾಲ ಒಂದು ಗಾಳಿಮಳೆ ಬಂದರೆ ಪುಣ್ಯ, ಬರದಿದ್ದರೆ ಕರೆಂಟೂ ಹೋಗಿ ಒದ್ದಾಟ. ಬೆವರುಸಾಲೆಗೆ ಇಲ್ಲಿಯವರು ಘಾಮಾಚಿ ಎನ್ನುತ್ತಾರೆ. ಟ್ರಾಮಿನಲ್ಲಿ ಕೂತರೆ ಮುಂದಿನ ಸೀಟಿನವರ ಕತ್ತಿನ ತುಂಬ ಅದೇ.

ನಿನ್ನ ಮಗಳು ಆ ಮೈಗಂಟಿದ ಟಾಪುಗಳನ್ನೆಲ್ಲ ಮೈಸೂರಲ್ಲೇ ಬಿಟ್ಟು ಬರಲಿ. ಸಡಿಲವಾದ ಕಾಟನ್ ಚೂಡಿದಾರ್, ತೋಳು ತುಂಬ ಇರಬೇಕು. ದಿನಕ್ಕೆರಡು ಸಲ ತಣ್ಣೀರ ಸ್ನಾನ. ಒರಟು ಟವೆಲಿನಲ್ಲಿ ತಿಕ್ಕಬಾರದು, ಮೆತ್ತನೆಯ ಪಂಚೆಯಲ್ಲಿ ಒತ್ತಿಕೊಳ್ಳಬೇಕು. ಬೆವರಿನ ಮೇಲೆ ಪೌಡರ್ ಸುರಿದುಕೊಂಡರೆ ಗೋಡೆಗೆ ಸುಣ್ಣ ಬಳಿದ ಹಾಗೆ ಕೂತು ಇನ್ನಷ್ಟು ತುರಿಸುತ್ತದೆ, ಮೈ ಒಣಗಿದ ಮೇಲೆ ತೆಳ್ಳಗೆ ಹಾಕಬೇಕು. ಕೊಡೆ ಹಿಡಿಯುವುದಕ್ಕೆ ನಾಚಿಕೆ ಬೇಡ, ಇಲ್ಲಿ ಗಂಡಸರೇ ಹಿಡಿಯುತ್ತಾರೆ. ಕಡಲೆಹಿಟ್ಟು ಕಳಿಸು. ಆದರೆ "ಹಿಂಡಿದ ನಿಂಬೆಹೋಳನ್ನ ಕತ್ತಿಗೆ, ಮೊಣಕೈಗೆ ತಿಕ್ಕಿಕೊಳ್ಳೋಕೆ ಹೇಳು, ನಾವೆಲ್ಲ ಹಾಗೇ ಬೆಳೆದಿದ್ದು" ಎಂದು ಬರೆದಿದ್ದೀಯಲ್ಲ, ಅದು ಮಾತ್ರ ಬೇಡವೇ ಬೇಡ. ನಿಂಬೆ ತಾಗಿದ ಮೈಯಲ್ಲಿ ಬಿಸಿಲಿಗೆ ಹೋಗಿ ಏನಾಯಿತು ಅನ್ನುವುದನ್ನು ಹೇಳುವುದಕ್ಕೇ ಈ ಕಾಗದ.

ಮದುವೆಗೆ ಮುಂಚೆ ನೀನು ನನ್ನನ್ನು ಹಿತ್ತಲಿಗೆ ಕರೆದು ಹೇಳಿದ್ದು ನೆನಪಿದೆಯಾ? "ಹೆಂಡತಿ ಸತ್ತವನು, ಎರಡು ವರ್ಷದ ಮಗು ಬೇರೆ ಇದೆ. ನೀನು ಒಂದು ಸಲ ಗದರಿದ್ರೂ ಜನ ಮಲತಾಯಿ ಅಂತಾರೆ ಕಣೇ, ಯೋಚನೆ ಮಾಡು." ನಾನು ಯೋಚನೆ ಮಾಡಲೇ ಇಲ್ಲ. ಆ ಮಗು ನನ್ನ ಸೆರಗು ಹಿಡಿದುಕೊಂಡು ನಿಂತಿತ್ತು, ಅಷ್ಟು ಸಾಕಾಯಿತು ನನಗೆ. ಅಕ್ಷರಾಳಿಗೆ ಈಗ ಏಳು ತುಂಬಿತು. ಹೆತ್ತ ಅರುಣ ಅವಳಿಗೆ ಫೋಟೋ ಅಮ್ಮ, ನಾನು ಬರೀ ಅಮ್ಮ. ಇಷ್ಟು ವರ್ಷ ಬೆಂಗಳೂರಲ್ಲಿ ಆಗಲಿ, ಪ್ರಸನ್ನಗೆ ಇಲ್ಲಿ ಸೆಕ್ಟರ್ ಫೈವ್‌ನಲ್ಲಿ ಕೆಲಸವಾಗಿ ನಾವು ಬಂದ ಮೇಲಾಗಲಿ, ಯಾರೂ ನನ್ನನ್ನು ಒಂದು ಮಾತು ಅಂದಿರಲಿಲ್ಲ.

ರಾಮನವಮಿಗೆ ಇಲ್ಲಿಯ ಕನ್ನಡದವರೆಲ್ಲ ಗಾರ್ಡನ್ ರೀಚಿನಲ್ಲಿ ರೈಲ್ವೆ ಆಫೀಸರ್ ನರಸಿಂಹಮೂರ್ತಿಗಳ ಬಂಗಲೆಯಲ್ಲಿ ಸೇರುತ್ತಾರೆ. ಈ ಸಲ ಪಾನಕ ನನ್ನ ಪಾಲಿಗೆ ಬಂತು. ಮಾರ್ಕೆಟ್ಟಿನಲ್ಲಿ ಗಂಧರಾಜ ಎನ್ನುವ ನಿಂಬೆ ಸಿಗುತ್ತದೆ, ಉದ್ದಕ್ಕೆ, ಹಸಿರಾಗಿ, ದಪ್ಪ ಸಿಪ್ಪೆಯದು. ರಸ ಕಡಿಮೆ, ಪರಿಮಳವೆಲ್ಲ ಸಿಪ್ಪೆಯಲ್ಲೇ. ನಾನು ಜಾಣೆಯಲ್ಲವಾ, ಸಿಪ್ಪೆ ಸಮೇತ ಬೆಲ್ಲದ ನೀರಿಗೆ ಹಾಕಿ ಎರಡು ಕೈಯಲ್ಲೂ ಕಿವುಚಿದೆ. ಮೊಳಕೈವರೆಗೂ ಘಮಘಮ. ಅಷ್ಟರಲ್ಲಿ ಅಕ್ಷರಾ ತೋಳಿಲ್ಲದ ಫ್ರಾಕಿನಲ್ಲಿ ಬಂಗಲೆಯ ಅಡಿಗೆಮನೆಗೆ ನುಗ್ಗಿ ಕುದಿಯುವ ಹಾಲಿನ ಪಾತ್ರೆ ಹತ್ತಿರ ಹೋದಳು. ನಾನು ಎರಡೂ ರಟ್ಟೆ ಹಿಡಿದು ಎತ್ತಿ ಈಚೆಗೆ ಇಳಿಸಿ, ಬೆನ್ನಿಗೆ ಕೈ ಕೊಟ್ಟು, "ಹೋಗು, ಹೊರಗೆ ಆಡ್ಕೋ" ಎಂದು ದೂಡಿದೆ. ಹೋದಳು. ಮಧ್ಯಾಹ್ನವೆಲ್ಲ ಹುಲ್ಲಿನ ಮೇಲೆ ರಣಬಿಸಿಲಲ್ಲಿ ಕುಣಿದಳು. ಮಾರನೆಯ ದಿನ ಮೈ ಅಲ್ಲಲ್ಲಿ ಕೆಂಪಾಗಿ ಉರಿ ಎಂದಳು. ಬಿಸಿಲಿಗೆ ಆಗಿದೆ ಎಂದು ಗಂಧ ತೇದು ಹಚ್ಚಿದೆ, ಉರಿ ಹೋಯಿತು.

ಕೆಂಪು ಹೋಗಿ ಕಂದು ಬಂದದ್ದನ್ನು ನಾನು ಬಿಸಿಲಿನ ಕಲೆ ಎಂದೇ ತಿಳಿದೆ. ಅದನ್ನು ಸರಿಯಾಗಿ ನೋಡಿದವರು ಅವಳ ಸ್ಕೂಲಿನ ಮಿಸ್ಸು. ಆಕೆ ನನ್ನನ್ನು ಕರೆಸಲಿಲ್ಲ ಅಕ್ಕ, ಪ್ರಸನ್ನನ ಆಫೀಸಿಗೆ ಫೋನ್ ಮಾಡಿದರು. "ಮನೆಯಲ್ಲಿ ಮಗುವನ್ನು ಯಾರು ಹೊಡೆಯುತ್ತಾರೆ?" ಎಂದು ಕೇಳಿದರಂತೆ. ಇವರು ನನಗೆ ಒಂದು ಮಾತು ಹೇಳಲಿಲ್ಲ. ಅಕ್ಷರಾಳನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಏನೋ ಕೇಳುತ್ತಿದ್ದರು. ಮಗು, "ಅಮ್ಮ ಹೊಡೆದಿಲ್ಲಪ್ಪ, ಜಸ್ಟ್ ಹಿಡ್ಕೊಂಡ್ಳು, ಪ್ರಾಮಿಸ್" ಎನ್ನುವುದು ಕೇಳಿಸಿತು. ಏನೋ ಸ್ಕೂಲಿನ ಜಗಳವಿರಬೇಕು ಎಂದುಕೊಂಡು ನಾನು ಚಪಾತಿ ಲಟ್ಟಿಸುತ್ತಿದ್ದೆ. ಆ ವಾರವೇ ಅತ್ತೆ ಬೆಂಗಳೂರಿಂದ ಬಂದಿಳಿದರು. ಇವರೇ ಕರೆಸಿದ್ದೆಂದು ತಿಳಿಯದೆ, ಮೊಮ್ಮಗಳ ರಜಕ್ಕೆ ಬಂದರು ಎಂದು ನಾನು ಹೋಳಿಗೆ ಮಾಡಿ ಬಡಿಸಿದೆ, ನೋಡು ನನ್ನ ದಡ್ಡತನ.

ಮಾರನೆಯ ಬೆಳಿಗ್ಗೆ ಅತ್ತೆ ಮಗುವಿಗೆ ತಾವೇ ಸ್ನಾನ ಮಾಡಿಸುತ್ತೇನೆಂದು ಹೋದವರು ಅಲ್ಲಿಂದಲೇ ಕೂಗಿದರು. "ಏನೇ ಇದು ಗೌರಿ?" ಹೋಗಿ ನೋಡಿದೆ. ಒದ್ದೆ ಮೈಮೇಲೆ ಎದ್ದು ಕಾಣುತ್ತಿತ್ತು. ಎರಡು ರಟ್ಟೆಯ ಮೇಲೂ ನಾಲ್ಕು ನಾಲ್ಕು ಬೆರಳು, ಬೆನ್ನಿನ ಮೇಲೆ ಇಡೀ ಅಂಗೈ. ಅತ್ತೆ ತಮ್ಮ ಕೈ ಇಟ್ಟು ನೋಡಿದರು, ದೊಡ್ಡದಾಯಿತು. "ಎಲ್ಲಿ, ನಿನ್ನ ಕೈ ಇಡು" ಎಂದರು. ಇಟ್ಟೆ. ಅಕ್ಕ, ಸರಿಯಾಗಿ ಕೂತಿತು. ಚಿಕ್ಕವರಿದ್ದಾಗ ನೀನು ಬಾಗಿಲು ಹಾಕಿದಾಗ ಸಿಕ್ಕಿಕೊಂಡು ಸೊಟ್ಟಗಾಯಿತಲ್ಲ ನನ್ನ ಕಿರುಬೆರಳು, ಅದರ ಸೊಟ್ಟ ಕೂಡ ಮಗುವಿನ ಬೆನ್ನ ಮೇಲಿತ್ತು.

"ನಾನು ಹೊಡೆದಿಲ್ಲ ಅತ್ತೆ" ಎಂದೆ. ಅವರು ಬೈದಿದ್ದರೆ ನಾನೂ ಬಾಯಿ ಮಾಡುತ್ತಿದ್ದೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ಬೈಯಲಿಲ್ಲ. "ಸಿಟ್ಟು ಎಲ್ಲಾರ್ಗೂ ಬರುತ್ತಮ್ಮ. ನಾನೂ ಪ್ರಸನ್ನನ್ನ ಹೊಡೆದೇ ಬೆಳೆಸಿದೀನಿ. ಆದ್ರೆ ನಿನ್ನ ವಿಷ್ಯ ಬೇರೆ, ಅಲ್ವಾ?" ಎಂದು ಸಮಾಧಾನ ಹೇಳಿದರು. ಆ ಸಮಾಧಾನ ನನ್ನನ್ನು ಸುಟ್ಟಿತು. ಅವತ್ತಿನಿಂದ ಮಗುವಿನ ಸ್ನಾನ, ಜಡೆ, ಹೋಂವರ್ಕ್ ಎಲ್ಲ ಅವರದೇ. ನಾನು ನನ್ನ ಮನೆಯಲ್ಲೇ ನೆಂಟಳಂತೆ ಓಡಾಡಿಕೊಂಡಿದ್ದೆ.

ನಿನಗೊಂದು ನಿಜ ಹೇಳಲಾ? ಆಮೇಲಾಮೇಲೆ ನನಗೇ ಅನುಮಾನ ಬಂದುಬಿಟ್ಟಿತು. ಮಗ್ಗಿ ತಪ್ಪು ಹೇಳಿದ್ದಕ್ಕೆ ಒಂದು ದಿನ ರೇಗಿದ್ದೆ. ಆವತ್ತು ಕೈ ಎತ್ತಿದೆನೇ? ಎತ್ತಿ ಮರೆತೆನೇ? ಪಾತ್ರೆ ತೊಳೆಯುತ್ತಾ ತೊಳೆಯುತ್ತಾ ನನ್ನ ಕೈಯನ್ನೇ ನೋಡುತ್ತಾ ನಿಂತುಬಿಡುತ್ತಿದ್ದೆ. ಹುಚ್ಚು ಹಿಡಿಯುವುದು ಹೀಗೆಯೇ ಇರಬೇಕು.

ಕೊನೆಗೆ ನಾನೇ ಪ್ರಸನ್ನಗೆ ಹೇಳಿದೆ, "ಡಾಕ್ಟರಿಗೆ ತೋರಿಸೋಣ. ಏಟಾಗಿದ್ರೆ ಇಷ್ಟು ದಿನಕ್ಕೆ ಬಣ್ಣ ತಿರುಗಿ ಹೋಗ್ಬೇಕಿತ್ತು, ಇದು ದಿನಾ ಕಪ್ಪಾಗ್ತಿದೆ." ಇವರು ಶೂ ಲೇಸು ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ. "ಬೇಡ ಗೌರಿ. ಡಾಕ್ಟ್ರು ಏನಾದ್ರೂ ಬರೆದುಬಿಟ್ರೆ, ಪೊಲೀಸು ಗಿಲೀಸು ಅಂತ ಆದ್ರೆ, ನಿನಗೇ ಕಷ್ಟ" ಎಂದರು. ನಿನಗೇ ಕಷ್ಟ ಎಂದರೆ ಏನರ್ಥ ಅಕ್ಕ? ಇಷ್ಟು ವರ್ಷ ಒಟ್ಟಿಗೆ ಉಂಡು ಮಲಗಿದ ಮನುಷ್ಯ ತೀರ್ಮಾನ ಮಾಡಿಯಾಗಿತ್ತು, ಶಿಕ್ಷೆಯಿಂದ ನನ್ನನ್ನು ಉಳಿಸಲು ನೋಡುತ್ತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡೆ. "ಅತ್ತೆ, ನೀವೂ ಬನ್ನಿ. ನಾನೇನಾದ್ರೂ ಡಾಕ್ಟರಿಗೆ ಸುಳ್ಳು ಹೇಳಿದ್ರೆ ಗೊತ್ತಾಗ್ಲಿ" ಎಂದೆ. ಬಂದರು.

ಗರಿಯಾಹಾಟ್ ಹತ್ತಿರದ ಚರ್ಮದ ಡಾಕ್ಟರು, ವಯಸ್ಸಾದ ಹೆಂಗಸು. ಮಗುವಿನ ಬೆನ್ನು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನನ್ನ ಎಡಗೈ ಎಳೆದುಕೊಂಡು ಮಣಿಕಟ್ಟಿನ ಹಿಂಭಾಗದ ಒಂದು ಕಂದು ಪಟ್ಟೆ ತೋರಿಸಿ, ಇದೇನು ಎಂದರು. ಒಗ್ಗರಣೆ ಎಣ್ಣೆ ಸಿಡಿದದ್ದಿರಬೇಕು ಎಂದೆ. "ಉಹೂಂ. ನಿಂಬೆಹಣ್ಣು ಹಿಂಡಿದಿರಾ? ಹಿಂಡಿದ ಕೈಯಲ್ಲಿ ಮಗುವನ್ನು ಮುಟ್ಟಿದಿರಾ? ಮಗು ಬಿಸಿಲಿಗೆ ಹೋಯಿತಾ?" ಎಂದು ಹಿಂದಿಯಲ್ಲಿ ಒಂದೊಂದಾಗಿ ಕೇಳಿದರು. ಮೂರಕ್ಕೂ ಹೌದು. ಆಕೆ ಕನ್ನಡಕ ತೆಗೆದು ನಕ್ಕುಬಿಟ್ಟರು. ನಿಂಬೆಯ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮಕ್ಕೆ ತಾಗಿ, ಮೇಲೆ ಬಿಸಿಲು ಬಿದ್ದರೆ ಚರ್ಮ ಸುಡುತ್ತದಂತೆ, ತಾಗಿದಷ್ಟೇ ಜಾಗ, ತಾಗಿದ ಆಕಾರದಲ್ಲೇ. ನನ್ನ ಅಂಗೈ ಚರ್ಮ ದಪ್ಪ, ನಾನು ಇದ್ದದ್ದು ಒಳಗೆ, ಹಾಗಾಗಿ ನನಗೆ ಹೆಚ್ಚು ಆಗಲಿಲ್ಲ. ಬಿಸಿಲಿಗೆ ಬಿಡದೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ತಾನೇ ಮಾಯುತ್ತದೆ ಎಂದು ಒಂದು ಲೋಷನ್ ಬರೆದುಕೊಟ್ಟರು.

ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು. "ನನ್ನ ಬಾಯಿಗೆ ಬೆಂಕಿ ಹಾಕ" ಎಂದು ನನ್ನ ಕೈ ಹಿಡಿದುಕೊಂಡರು. ನನಗೆ ಅವರ ಮೇಲೆ ಸಿಟ್ಟಿಲ್ಲ, ಕೇಳಬೇಕಾದ್ದನ್ನು ಎದುರಿಗೇ ಕೇಳಿದರು. ಸಾಯಂಕಾಲ ಪ್ರಸನ್ನ ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದುಕೊಂಡು ಬಂದು, "ನಿನ್ನ ಮೇಲೆ ಅನುಮಾನ ಅಂತಲ್ಲ ಗೌರಿ, ಕನ್‌ಫ್ಯೂಸ್ ಆಗಿದ್ದೆ" ಎಂದರು. "ಅಷ್ಟು ದೊಡ್ಡ ಪ್ರಾಜೆಕ್ಟ್ ಮ್ಯಾನೇಜರನ್ನ ಒಂದು ನಿಂಬೆಹಣ್ಣು ಕನ್‌ಫ್ಯೂಸ್ ಮಾಡ್ತಲ್ಲ" ಎಂದೆ. ನಕ್ಕರು. ನಾನೂ ನಕ್ಕೆ. ಈಗ ಅತ್ತೆ ಬೆಂಗಳೂರಿನ ನೆಂಟರಿಗೆಲ್ಲ ಫೋನಿನಲ್ಲಿ ಕಲ್ಕತ್ತೆಯ ನಿಂಬೆಯ ಕಥೆ ಹೇಳಿ ಹೇಳಿ ನಗಿಸುತ್ತಿದ್ದಾರೆ. ಮುಗಿದ ವಿಷಯ.

ಅಕ್ಷರಾ ಮಾತ್ರ ಸ್ವಲ್ಪ ಬದಲಾಗಿದ್ದಾಳೆ. ಅತ್ತೆ ಅವಳನ್ನು ನನ್ನ ಕೈಗೆ ವಾಪಸು ಕೊಟ್ಟರೂ ಇವಳು ಬರುತ್ತಿಲ್ಲ. "ಐ ಆಮ್ ಬಿಗ್ ನೌ" ಎಂದು ತಾನೇ ಸ್ನಾನ ಮಾಡಿಕೊಳ್ಳುತ್ತಾಳೆ, ಬೆನ್ನಿಗೆ ಲೋಷನ್ ಹಚ್ಚಲು ಕೆಲಸದ ಮಾಲತಿ ಮಾಶಿಯನ್ನು ಕರೆಯುತ್ತಾಳೆ. ಪಕ್ಕದಲ್ಲಿ ಕೂತರೆ ಸರಿದು ಕೂರುತ್ತಾಳೆ. ಎಲ್ಲರೂ ಅಷ್ಟು ದಿನ ಹೊಡೆದಳಾ ಹೊಡೆದಳಾ ಎಂದು ಕೇಳಿ ಕೇಳಿ, ಹೌದೇನೋ ಎಂದು ಮಗುವಿಗೂ ಅನಿಸಿಬಿಟ್ಟಿದೆಯಾ? ಊರೆಲ್ಲ ನಂಬದಿದ್ದರೂ ಪರವಾಗಿಲ್ಲ, ಅವಳೊಬ್ಬಳು ನಂಬಿದ್ದರೆ ಸಾಕಿತ್ತು ನನಗೆ. ದೊಡ್ಡವಳಾಗುತ್ತಿದ್ದಾಳೆ, ನಾಚಿಕೆ ಇರಬಹುದು ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ನಿಕಿತಾ ಬರುವಾಗ ನಿನ್ನ ಹಳೆಯ ಎರಡು ಕಾಟನ್ ಸೀರೆ ಕೊಟ್ಟು ಕಳಿಸು, ಮೆತ್ತಗಿರುತ್ತವೆ. ಮಗುವಿಗೆ ಹಾಸಲು, ಒರೆಸಲು ಬೇಕು. ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ನಿಕಿತಾಗೆ ಒಳ್ಳೆಯದಾಗಲಿ, ಅವಳ ಕೆಲಸ ಕಾಯಂ ಆಗಲಿ. ನಮ್ಮ ಮೇಲೆ ನಿನ್ನ ಆಶೀರ್ವಾದವಿರಲಿ.

ಇಂತಿ ನಿನ್ನ
ಗೌರಿ

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ಅವರೆಲ್ಲ ವಾಪಸು ಬಂದರು. ಅಕ್ಷರಾಳ ಬೆನ್ನಿನ ತುಂಬ ಬೆವರುಸಾಲೆ ಎದ್ದು ಕೆಂಪಗಾಗಿತ್ತು. ಭಾನುವಾರ ಮಾಶಿ ಬರುವುದಿಲ್ಲ. ಸ್ನಾನ ಮಾಡಿ ಬಂದವಳು ರೂಮಿನಲ್ಲಿ ತಾನೇ ಕೈ ತಿರುಗಿಸಿ ಪೌಡರ್ ಹಾಕಿಕೊಳ್ಳಲು ಹೆಣಗುತ್ತಿದ್ದಳು. "ಕೊಡು ಇಲ್ಲಿ" ಎಂದು ಹತ್ತಿರ ಹೋದರೆ ಗೋಡೆಗೆ ಬೆನ್ನು ಒತ್ತಿ ನಿಂತುಬಿಟ್ಟಳು. ನನಗೆ ತಡೆಯಲಾಗಲಿಲ್ಲ. "ನನ್ನ ಕಂಡ್ರೆ ಭಯಾನಾ ನಿನಗೆ? ನಾನು ಯಾವತ್ತು ಹೊಡೆದಿದೀನಿ ಹೇಳು" ಎಂದು ಅತ್ತೇಬಿಟ್ಟೆ. ಅವಳು ಹಾಲಿನ ಕಡೆ ಇಣುಕಿ ನೋಡಿ, ಬಾಗಿಲು ಹಾಕಿ ಬಂದಳು. "ನಿನ್ನ ಕಂಡ್ರೆ ಅಲ್ಲಮ್ಮ. ನೀನು ಮುಟ್ಟಿ ಮತ್ತೆ ಮಾರ್ಕ್ ಬಂದ್ರೆ ನಿನ್ನ ಮೈಸೂರಿಗೆ ಕಳಿಸ್ಬಿಡ್ತಾರೆ. ಅಪ್ಪ ಅಜ್ಜಿ ಹತ್ರ ಹೇಳ್ತಿದ್ರು, ಐ ಹರ್ಡ್. ಅವಳ ಅಕ್ಕನ ಮನೇಲಿ ಇರ್ಲಿ, ಮುಂದಿಂದು ಆಮೇಲೆ ನೋಡೋಣ ಅಂತ" ಎಂದಳು. ಅಕ್ಕ, ಇದು ನನಗೆ ಗೊತ್ತಿರಲಿಲ್ಲ. ಇವರು ಹಾಲಿನಲ್ಲಿ ಟೀವಿ ನೋಡುತ್ತಾ ಕೂತಿದ್ದಾರೆ, ಇನ್ನೂ ಕೇಳಿಲ್ಲ, ಹೇಗೆ ಕೇಳಲಿ ತಿಳಿಯುತ್ತಿಲ್ಲ. ನನ್ನನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ ಎಂದು ಮಗುವಿಗೆ ಹೇಳಿದೆ. ಕೊನೆಗೆ ಪೌಡರ್ ಡಬ್ಬಿ ನನ್ನ ಕೈಗೆ ಕೊಟ್ಟು, "ಹಾಕು, ಬಟ್ ಮೆತ್ತಗೆ" ಎಂದು ತಿರುಗಿ ನಿಂತಳು. ಹಾಕಿದೆ. ಆಮೇಲೆ ಕನ್ನಡಿಯ ಹತ್ತಿರ ಹೋಗಿ, ಕತ್ತು ಹೊರಳಿಸಿ, ತನ್ನ ಬೆನ್ನನ್ನು ಆ ಕಡೆಯಿಂದ ಒಂದು ಸಲ ಈ ಕಡೆಯಿಂದ ಒಂದು ಸಲ ನೋಡಿಕೊಂಡಳು. ಹೊಸದೇನೂ ಕಾಣಲಿಲ್ಲ ಎಂದು ಗಟ್ಟಿಯಾದ ಮೇಲೆಯೇ ಬಂದು ನನ್ನ ತೊಡೆಯ ಮೇಲೆ ಕೂತಳು.