ಯಾಸ್ನಾಳ ತಿರುವು

ಫ್ರೇರಿನಾ,
೧೨ ಏಪ್ರಿಲ್ ೧೯೯೪, ಮಂಗಳವಾರ

ಪ್ರೀತಿಯ ನಿಬಾಲ್ಡೊ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಅತ್ತೆಯ ಮಗ ಹೆರ್ನಾನ್ ಸಿಕ್ಕಿದ್ದ. ದಕ್ಷಿಣದ ಬಂದರಿನಲ್ಲಿ ನಿನ್ನನ್ನು ನೋಡಿದನಂತೆ, ಕುರಿಗಳ ನಡುವೆ ಇದ್ದು ನೀನೂ ಕುರಿಯಂತೆಯೇ ಕೆಮ್ಮುತ್ತಿದ್ದೆಯಂತೆ. ಈ ವಿಳಾಸ ಕೊಟ್ಟವನೂ ಅವನೇ. ಅಲ್ಲಿಯ ಗಾಳಿ ಕೆಟ್ಟದ್ದಂತೆ, ಕಿವಿ ಮುಚ್ಚಿಕೊಂಡು ಓಡಾಡು. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ಅದನ್ನು ಬೈಯುವ ಶಕ್ತಿಯೂ ಹಾಗೇ ಇದೆ. ಅಪ್ಪ ಸ್ವಲ್ಪ ಇಳಿದುಹೋಗಿದ್ದಾರೆ. ಹೋದ ವರ್ಷದ ಪ್ಯಾಂಟಿಗೆ ಈಗ ಹಗ್ಗ ಕಟ್ಟಿಕೊಳ್ಳುತ್ತಾರೆ. ಹೊಸದು ತರೋಣ ಎಂದರೆ, 'ಹಗ್ಗಕ್ಕೇನಾಗಿದೆ?' ಎನ್ನುತ್ತಾರೆ.

ಮೊನ್ನೆ ಭಾನುವಾರಕ್ಕೆ ಅಪ್ಪ ಆ ಪುಟ್ಟ ಮನೆ ಕಟ್ಟಿ ಒಂದು ವರ್ಷವಾಯಿತು. ನೀನು ಅದನ್ನು ನೋಡಿಲ್ಲವಲ್ಲ. ವಯ್ಯೆನಾರ್ ರಸ್ತೆಯ ತಿರುವಿನಲ್ಲಿ, ಪಿಕಪ್ ಉರುಳಿದ ಜಾಗದಲ್ಲೇ ಇದೆ. ನಾಯಿಗೂಡಿಗಿಂತ ತುಸು ದೊಡ್ಡದು, ಸಿಮೆಂಟಿನ ಗೋಡೆ, ತಗಡಿನ ಮಾಡು, ಒಳಗೆ ಶಿಲುಬೆ, ನಮ್ಮ ಯಾಸ್ನಾಳ ಶಾಲೆಯ ಫೋಟೋ. ಸತ್ತ ಜಾಗದಲ್ಲಿ ಆತ್ಮಕ್ಕೊಂದು ಸೂರು ಬೇಕೆಂದು ಎಲ್ಲರೂ ಕಟ್ಟುವುದು ತಾನೇ. ನಾವೂ ಅಷ್ಟೇ ಅಂದುಕೊಂಡಿದ್ದೆವು. ಆದರೆ ಈ ವರ್ಷದಲ್ಲಿ ಅಲ್ಲೇನೋ ಶುರುವಾಗಿದೆ. ಯಾವನೋ ಲಾರಿಯವನ ಬ್ರೇಕು ಹಿಡಿಯದೆ ಆ ತಿರುವಿನಲ್ಲಿ 'ಕಾಪಾಡು ಮಗಳೇ' ಅಂದನಂತೆ, ಲಾರಿ ನಿಂತಿತಂತೆ. ಅಂದಿನಿಂದ ಜನ ಬರತೊಡಗಿದರು. ಈಗ ಗೋಡೆ ತುಂಬ ಉಪಕಾರ ಸ್ಮರಿಸುವ ಫಲಕಗಳು, ಪ್ಲಾಸ್ಟಿಕ್ ಹೂಗಳು, ಒಂದು ಮಗುವಿನ ಬೂಟು. ಅಮ್ಮನಿಗೆ ಇದು ಅರ್ಥವೇ ಆಗುವುದಿಲ್ಲ. 'ಬದುಕಿದ್ದಾಗ ಒಂದು ಲೋಟ ನೀರು ಕೊಡು ಅಂದ್ರೆ, ನಿಂಗೇನು ಕಾಲಿಲ್ವಾ ಅಂತಿದ್ಲು. ಈಗ ನೋಡು, ಕಂಡವರ ಮಕ್ಕಳ ಜ್ವರ ಇಳಿಸ್ತಾಳಂತೆ,' ಎಂದು ಒಲೆಯ ಮುಂದೆ ತಾನೇ ಮಾತಾಡಿಕೊಳ್ಳುತ್ತಾಳೆ. ನನ್ನ ಕೆಂಪು ಬೂಟು ಒಂದು ದಿನಕ್ಕೆಂದು ಹಾಕಿಕೊಂಡು ಹೋಗಿ ಎರಡು ವರ್ಷ ಕೊಡದಿದ್ದವಳು ಅವಳು. ಜನ ಯಾರ ಹತ್ತಿರ ಬೇಡಿಕೊಳ್ಳುತ್ತಿದ್ದಾರೋ ನನಗೆ ತಿಳಿಯದು.

ಭಾನುವಾರ ಪೂಜೆ ಮುಗಿಸಿ ಮೂವರೂ ಬಸ್ಸಿನಲ್ಲಿ ಹೋದೆವು. ಅಪ್ಪನ ಕೈಯಲ್ಲಿ ನೀಲಿ ಬಣ್ಣದ ಡಬ್ಬಿ, ಅಮ್ಮನ ಬುಟ್ಟಿಯಲ್ಲಿ ಬ್ರೆಡ್ಡು, ನನ್ನ ಹತ್ತಿರ ಚಹಾದ ಫ್ಲಾಸ್ಕು. ತಿರುವು ಬಂದಾಗ ಕಂಡಕ್ಟರ್, 'ಯಾಸ್ನಾ ತಿರುವು, ಇಳಿಯೋರು ಇಳೀರಿ,' ಎಂದು ಕೂಗಿದ. ಅವನಿಗೆ ನಾವು ಯಾರೆಂದು ಗೊತ್ತಿಲ್ಲ. ನನಗೆ ಎದೆ ಒಡೆಯಬೇಕಿತ್ತು, ಅಲ್ಲವೇ? ಏನೂ ಆಗಲಿಲ್ಲ. ಫ್ಲಾಸ್ಕಿನ ಮುಚ್ಚಳ ಸಡಿಲವಾಗಿದೆಯೇ ಎಂದು ನೋಡಿಕೊಂಡು ಇಳಿದೆ. ಇಡೀ ವರ್ಷ ಹೀಗೇ, ನಿಬಾಲ್ಡೊ. ಜೋಮು ಹಿಡಿದ ಕಾಲನ್ನು ನೆಲಕ್ಕೆ ಊರಿದರೆ ನೆಲವೇ ಗೊತ್ತಾಗುವುದಿಲ್ಲವಲ್ಲ, ಹಾಗೆ. ಕೆಲಸಕ್ಕೆ ಹೋಗುತ್ತೇನೆ, ಬಟ್ಟೆ ಒಗೆಯುತ್ತೇನೆ, ಯಾರಾದರೂ ನಕ್ಕರೆ ನಗುತ್ತೇನೆ. ಅತ್ತಿಲ್ಲ. ಅಮ್ಮ ಅದನ್ನು ಗಮನಿಸಿದ್ದಾಳೆ, ಕೇಳುವುದಿಲ್ಲ.

ಅಲ್ಲಿ ಆಗಲೇ ಕೆಲವರು ಇದ್ದರು. ಲಾರಿ ನಿಲ್ಲಿಸಿ ಮೇಣದಬತ್ತಿ ಹಚ್ಚುತ್ತಿದ್ದ ಒಬ್ಬ ಚಾಲಕ, ವಯ್ಯೆನಾರ್‌ನಿಂದ ಬಂದ ಎಲ್ಸಿರಾ ಎಂಬ ದಪ್ಪ ಹೆಂಗಸು, ಅವಳ ಅಕ್ಕಪಕ್ಕದ ಮನೆಯವರು. ಅಪ್ಪ ಯಾರೊಡನೆಯೂ ಮಾತಾಡದೆ ಕುಕ್ಕರಗಾಲಲ್ಲಿ ಕುಳಿತು ಗೋಡೆಗೆ ಬಣ್ಣ ಬಳಿಯತೊಡಗಿದರು. ಯಾರೋ ಕೂಲಿಯವನು ಅಂದುಕೊಂಡಿರಬೇಕು ಅವರು. ಎಲ್ಸಿರಾ ನಮ್ಮಮ್ಮನಿಗೇ ಯಾಸ್ನಾಳ ಕಥೆ ಹೇಳಲು ಕುಳಿತಳು! ಹುಡುಗಿ ದೇವತೆಯಂತಿದ್ದಳಂತೆ, ಕನ್ಯಾಸ್ತ್ರೀ ಆಗುವವಳಿದ್ದಳಂತೆ. ಕ್ಷೌರದಂಗಡಿ ಇಡುತ್ತೇನೆಂದು ಅಪ್ಪನ ತಲೆಯನ್ನೇ ಬೋಳಿಸಿ ಕಲಿಯುತ್ತಿದ್ದವಳು ಕನ್ಯಾಸ್ತ್ರೀ! ಅಮ್ಮ ಹೂಂಗುಟ್ಟುತ್ತಾ ಬ್ರೆಡ್ಡು ಮುರಿಯುತ್ತಿದ್ದಳು. ಆಮೇಲೆ ಆ ಹೆಂಗಸು ಅಂದಳು: 'ಗಾಡಿ ಓಡಿಸ್ತಿದ್ದವನು ಕಂಠಪೂರ್ತಿ ಕುಡಿದಿದ್ನಂತೆ. ಹುಡುಗೀನ ರಸ್ತೇಲಿ ಬಿಟ್ಟು ಓಡಿಹೋದ್ನಂತೆ, ಹಾಳಾದವನು. ಎಲ್ಲಿದ್ದರೂ ಅವನಿಗೆ ಒಳ್ಳೇದಾಗಲ್ಲ ಬಿಡಿ.'

ಅಮ್ಮನ ಕೈ ನಿಂತಿತು. ಮೊದಲು ಎದ್ದವರು ಅಪ್ಪ. ಮಣ್ಣು ಮಾಡಿದ ದಿನ 'ಆ ಹುಡುಗ ನನ್ನ ಕಣ್ಣಿಗೆ ಬೀಳಬಾರದು' ಎಂದಿದ್ದ ಅಪ್ಪ. ಮಾರನೆಯ ಬೆಳಿಗ್ಗೆ ನೀನು ಬಸ್ಸು ಹತ್ತಿದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಇಡೀ ವರ್ಷ ನಿನ್ನ ಹೆಸರು ಎತ್ತದ ಅಪ್ಪ. ಮಂಡಿಯ ಮೇಲೆ ಕೈಯೂರಿ ಎದ್ದು, ಕುಂಚ ಹಿಡಿದೇ ಕೇಳಿದರು: 'ಯಾರಮ್ಮ ಹೇಳಿದ್ದು ನಿಂಗೆ?' 'ಎಲ್ಲರೂ ಹೇಳ್ತಾರೆ, ಯಜಮಾನ್ರೆ.' 'ಎಲ್ಲರೂ ಸುಳ್ಳು ಹೇಳ್ತಾರೆ. ಗಾಡಿ ಓಡಿಸ್ತಿದ್ದವನು ನನ್ನ ಮಗ. ನಿಬಾಲ್ಡೊ ಅಂತ ಹೆಸರು. ಕುಡಿದಿರಲಿಲ್ಲ. ಬೆಳಗಿನ ಮಂಜು, ಕತ್ತೆಗಳು ಅಡ್ಡ ಬಂದ್ವು, ಸ್ಟೀರಿಂಗ್ ತಿರುಗಿಸಿದ. ನಾನಿದ್ದರೂ ಅದನ್ನೇ ಮಾಡ್ತಿದ್ದೆ. ಬಿಟ್ಟು ಓಡಿಹೋಗ್ಲಿಲ್ಲ, ಕೈ ಮುರಿದಿದ್ದರೂ ತಂಗೀನ ಬೆನ್ನ ಮೇಲೆ ಹೊತ್ಕೊಂಡು ಸೇತುವೆ ತನಕ ನಡೆದ.' ಅಷ್ಟು ಹೇಳಿ ಉಸಿರು ತೆಗೆದುಕೊಂಡರು. ನಾವೆಲ್ಲ ಮುಗಿಯಿತು ಅಂದುಕೊಂಡೆವು. 'ಆಮೇಲೆ ಊರು ಬಿಟ್ಟ. ಅದು ನಿಜ. ಆದರೆ ತಾನಾಗಿ ಹೋಗ್ಲಿಲ್ಲ. ನಾನು ಓಡಿಸ್ದೆ.'

 ಲಾರಿಯವನು ಟೊಪ್ಪಿಗೆ ತೆಗೆದ. ಎಲ್ಸಿರಾಳ ಮುಖ ಸುಣ್ಣದಂತಾಗಿತ್ತು. ತಪ್ಪಾಯ್ತು, ತಪ್ಪಾಯ್ತು ಎಂದು ಎದೆ ಮುಟ್ಟಿಕೊಳ್ಳುತ್ತಿದ್ದಳು. ಅಮ್ಮ ಬ್ರೆಡ್ಡಿನ ತುಂಡೊಂದನ್ನು ಅವಳ ಕೈಗಿಟ್ಟು, 'ತಿನ್ನಿ. ನಿಮಗೇನು ಗೊತ್ತಿತ್ತು, ಪಾಪ,' ಎಂದಳು. ಅಪ್ಪ ಮತ್ತೆ ಕುಕ್ಕರಗಾಲಲ್ಲಿ ಕುಳಿತರು. ಬಳಿದ ಗೋಡೆಯನ್ನೇ ಇನ್ನೊಮ್ಮೆ ಬಳಿಯುತ್ತಿದ್ದರು, ನಾನು ಹೇಳಲಿಲ್ಲ. ಎಲ್ಲರಿಗೂ ಚಹಾ ಬಗ್ಗಿಸಿದೆ. ಕೈಯ ಮೇಲೆ ಬಿಸಿ ಚಹಾ ಚೆಲ್ಲಿತು, ಉರಿಯಿತು. ಇಡೀ ವರ್ಷದಲ್ಲಿ ನನಗೆ ಗೊತ್ತಾದ ಉರಿ ಅದೊಂದೇ. ಇದನ್ನು ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ, ನಿನಗೆ ಬರೆಯಬೇಕೆನಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ನಿದ್ದೆಯಲ್ಲ. ಮನೆಗೆ ಬಂದು ಸೀಮೆಎಣ್ಣೆಯಲ್ಲಿ ಕುಂಚ ತೊಳೆದರು, ಸೂಪು ಕುಡಿದರು, ಮಲಗಿದರು. ಅದರ ಬಗ್ಗೆ ಮತ್ತೆ ಒಂದು ಮಾತಿಲ್ಲ. ನಾವೂ ಕೆದಕಲಿಲ್ಲ. ನೀನು ಸಂತೋಷಪಡಲಿ ಎಂದಾಗಲಿ, ಅಳಲಿ ಎಂದಾಗಲಿ ಬರೆದಿಲ್ಲ. ನಡೆದದ್ದು ನಿನ್ನದೂ ಹೌದು, ಅದಕ್ಕೆ ಬರೆದೆ.

ಉಣ್ಣೆಯ ಕಾಲುಚೀಲ ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ, ಅಮ್ಮ ಹೆಣೆದದ್ದು, ಒಂದು ಇನ್ನೊಂದಕ್ಕಿಂತ ಉದ್ದ. ನಗಬೇಡ, ಹಾಕಿಕೋ. ಅಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ದೇವಮಾತೆ ನಿನ್ನನ್ನು ಬೆಚ್ಚಗಿಡಲಿ.

ನಿನ್ನ ಅಕ್ಕ,
ಒರಿಯೆಟಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು, ಯಾರಿಗೆ ಎಂದು ಕೇಳಿದರು. ಹೇಳಿದೆ. ಬಾಗಿಲಲ್ಲೇ ನಿಂತು ಪ್ಯಾಂಟಿನ ಹಗ್ಗ ಬಿಗಿ ಮಾಡಿಕೊಂಡರು. ಆಮೇಲೆ, 'ಮುಂದಿನ ತಿಂಗಳು ಆಲಿವ್ ಕೊಯ್ಲು. ಈ ಸಲ ಆಳುಗಳೇ ಸಿಗ್ತಿಲ್ಲ ಅಂತ ಬರಿ,' ಅಂದರು. ಬರೆದಿದ್ದೇನೆ. ಆಳುಗಳು ಸಿಕ್ಕಿದ್ದಾರೆ, ನಿಬಾಲ್ಡೊ. ಹೋದ ವಾರವೇ ಅಪ್ಪನೇ ಹೋಗಿ ಮಾತಾಡಿ ಬಂದಿದ್ದಾರೆ.